2001ರ ಕ್ಯೂಬೇಸ್ (ರೆಕಾರ್ಡಿಂಗ್ ಸಾಫ್ಟ್‌ವೇರ್) ಫೈಲ್ ಈಗಿನದರಲ್ಲಿ ತೆರೆಯುತ್ತಿಲ್ಲ, ಅಜ್ಜಿ ಹಾಡಿದ ಸೋಬಾನೆ ಅದರೊಳಗೆ ಸಿಕ್ಕಿಕೊಂಡಿದೆ

ಗೋಣಿಚೀಲ_ಸ್ಟುಡಿಯೋ
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ, ಪಿ.ಜೆ. ಬಡಾವಣೆ. 2001ರಲ್ಲಿ ನಮ್ಮ ಮನೆ ಹಿಂದಿನ ಕೋಣೆಯ ಗೋಡೆಗೆಲ್ಲ ಗೋಣಿಚೀಲ, ಮೊಟ್ಟೆ ಟ್ರೇ ಬಡಿದು ಅದನ್ನೇ ಸ್ಟುಡಿಯೋ ಅಂತ ಕರೆದುಕೊಂಡಿದ್ದೆ. ಭಜನೆ ಮಂಡಳಿಯವರು, ಜಾತ್ರೆಗೆ ಕ್ಯಾಸೆಟ್ ಮಾಡಿಸುವವರು ಬರುತ್ತಿದ್ದರು. ಜಗಳೂರು ಕಡೆಯಿಂದ ಅಜ್ಜಿ ಬಂದಿದ್ದಾಗ ಕೂರಿಸಿಕೊಂಡು ಆರು ಸೋಬಾನೆ ಪದ ಹಾಡಿಸಿದ್ದೆ. ಅಜ್ಜಿ 2006ರಲ್ಲಿ ತೀರಿಕೊಂಡರು.

ಈಗ ಅಕ್ಕನ ಮಗಳ ಮದುವೆ. ಅರಿಶಿನದ ಶಾಸ್ತ್ರಕ್ಕೆ ಅಜ್ಜಿ ಪದ ಹಾಕಬೇಕು ಅಂತ ಅಕ್ಕನ ಹಠ. ಇರೋದು ಒಂದೇ ಎಂಪಿ3, 128 ಕೆಬಿಪಿಎಸ್‌ದು. ಅದರ ಮೇಲೆ ನಾನು ಕೀಬೋರ್ಡಿನ ಸ್ಟ್ರಿಂಗ್ಸ್ ಸುರಿದಿದ್ದೇನೆ ನೋಡಿ, ಕೇಳಿದರೆ ನನಗೇ ನಾಚಿಕೆ ಆಗುತ್ತದೆ. ಆಗ 22 ವಯಸ್ಸು, ಎಲ್ಲ ಹಾಡಿಗೂ ಸ್ಟ್ರಿಂಗ್ಸ್ ಬೇಕೇ ಬೇಕು ಅಂದುಕೊಂಡಿದ್ದೆ. ಅದನ್ನು ತೆಗೆದು ಬರೀ ಅಜ್ಜಿ ದನಿ, ಢೋಲಕ್ ಇಟ್ಟುಕೊಳ್ಳಬೇಕು.

ಅಟ್ಟದ ಮೇಲೆ ಹಳೇ 20 ಜಿಬಿ ಹಾರ್ಡ್ ಡಿಸ್ಕ್ ಸಿಕ್ಕಿತು. ಅಗಲ ರಿಬ್ಬನ್ ಕೇಬಲ್‌ನದು. ಅಡಾಪ್ಟರ್ ತಂದು ಹಾಕಿದೆ, ಪುಣ್ಯಕ್ಕೆ ತಿರುಗಿತು. ಒಳಗೆ 'ಡಾಟ್ ಆಲ್' ಅನ್ನೋ ಆರು ಫೈಲ್ ಇವೆ, ಪಕ್ಕದಲ್ಲಿ ಒಂದು ಫೋಲ್ಡರ್ ತುಂಬ ವೇವ್ ಫೈಲ್, ಅಂದರೆ ರೆಕಾರ್ಡ್ ಆದ ಸದ್ದಿನ ತುಣುಕುಗಳು. ಹೆಸರು ನೋಡಿದರೆ 'ಆಡಿಯೋ 3', 'ಆಡಿಯೋ 3-7', ಹಿಂಗೇ ನೂರಾ ಚಿಲ್ರೆ ಇವೆ. ನನ್ನ ಹತ್ತಿರ ಈಗ ಕ್ಯೂಬೇಸ್ 13 ಇದೆ, ಅದು ಈ ಆಲ್ ಫೈಲನ್ನು ಕಣ್ಣೆತ್ತಿಯೂ ನೋಡುತ್ತಿಲ್ಲ. ವೇವ್‌ಗಳನ್ನೇ ಎಳೆದು ಹಾಕಿದರೆ ಯಾವುದು ಎಲ್ಲಿ ಕೂರಬೇಕು ಗೊತ್ತಾಗುತ್ತಿಲ್ಲ. ಅದೂ ಅಲ್ಲದೆ ಅಜ್ಜಿ ದನಿ ಗಂಡಸರ ದನಿ ತರ ದಪ್ಪ ಆಗಿದೆ. ಡಿಸ್ಕ್ ಹಾಳಾಗಿದೆಯಾ? ಯಾರಾದರೂ ದಾರಿ ಹೇಳಿ.

ಸುಮ್ನೆ_ಓದೋನು
ಎಐಗೆ ಕೊಡಿ ಸಾರ್. ಎಂಪಿ3 ಹಾಕಿದರೆ ದನಿ ಬೇರೆ, ವಾದ್ಯ ಬೇರೆ ಮಾಡಿ ಕೊಡುತ್ತದೆ. ಎರಡು ನಿಮಿಷದ ಕೆಲಸ.

ಗೋಣಿಚೀಲ_ಸ್ಟುಡಿಯೋ
ಅದನ್ನೇ ಮೊದಲು ಮಾಡಿದ್ದು. ಸ್ಟ್ರಿಂಗ್ಸ್ ಏನೋ ಹೋಯಿತು. ಆದರೆ ಅಜ್ಜಿ ಬಾವಿಯೊಳಗೆ ಕೂತು ಹಾಡಿದ ಹಾಗೆ ಕೇಳುತ್ತದೆ. ಅವರು ತೊಡೆ ಮೇಲೆ ತಾಳ ಹಾಕಿಕೊಂಡು ಹಾಡುತ್ತಿದ್ದರು, ಪ್ರತಿ ತಾಳಕ್ಕೂ ಗಾಜಿನ ಬಳೆ ಘಲ್ ಅನ್ನುತ್ತಿತ್ತು. ಎಐ ಆ ಬಳೆ ಸದ್ದನ್ನು ಗಲಾಟೆ ಅಂದುಕೊಂಡು ಅರ್ಧ ತಿಂದು ಹಾಕಿದೆ.

ದುರ್ಗದ_ಕಲ್ಲು
ಮೊದಲು ಒಂದು ಮಾತು. ಆ ಡಿಸ್ಕ್ ಮೇಲೆ ಇನ್ನು ಏನೂ ಪ್ರಯೋಗ ಮಾಡಬೇಡಿ. ಇಷ್ಟು ವರ್ಷ ಅಟ್ಟದಲ್ಲಿ ಮಲಗಿದ್ದ ಡಿಸ್ಕ್ ತಿರುಗಿದ್ದೇ ಹೆಚ್ಚು. ಇಡೀ ಡಿಸ್ಕ್‌ನ ಪ್ರತಿ ಮೊದಲು ತೆಗೆಯಿರಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅಂತ ಇದೆ, ಓದಲಾಗದ ಜಾಗ ಬಂದರೆ ಅಲ್ಲೇ ಗುದ್ದಾಡದೆ ಮುಂದೆ ಹೋಗಿ ಆಮೇಲೆ ವಾಪಸ್ ಬರುತ್ತದೆ. ಆಮೇಲೆ ಏನೇ ಮಾಡಿದರೂ ಆ ಪ್ರತಿಯ ಮೇಲೆ.

ಮಿರ್ಚಿ_ಮಂಡಕ್ಕಿ
ಡಿಸ್ಕ್ ಟಕ್ ಟಕ್ ಅಂದರೆ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ, ಬೆಳಗ್ಗೆ ಓಡುತ್ತದೆ. ನಮ್ಮ ಮಾವ ಮಾಡಿದ್ದರು.

ದುರ್ಗದ_ಕಲ್ಲು
ದಯವಿಟ್ಟು ಬೇಡ!! ಹೊರಗೆ ತೆಗೆದ ಕೂಡಲೇ ಒಳಗೆ ತೇವ ಕೂರುತ್ತದೆ, ಹೆಡ್ಡು ಹೋಗಿ ಪ್ಲೇಟನ್ನೇ ಗೀರುತ್ತದೆ. ಓಡುತ್ತಿರುವ ಡಿಸ್ಕನ್ನು ಕೊಲ್ಲೋಕೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ. ಫ್ರೀಜರ್‌ನಲ್ಲಿ ಬೆಣ್ಣೆ ಇಡಿ, ದೋಸೆಗಾದರೂ ಆಗುತ್ತದೆ.

ಬೆಂಗಳೂರಲ್ಲಿರೋ_ದಾವಣಗೆರೆ
ಡಾಟ್ ಆಲ್ ಅಂದರೆ ಕ್ಯೂಬೇಸ್ ವಿಎಸ್‌ಟಿ ಕಾಲದ್ದು. ಆಗ ಪೂರ್ತಿ ಹಾಡಿಗೆ ಆಲ್, ಒಂದು ಅರೇಂಜ್‌ಮೆಂಟಿಗೆ ಎಆರ್‌ಆರ್ ಅಂತ ಎರಡು ತರ ಇತ್ತು. 2002ರಲ್ಲಿ ಕ್ಯೂಬೇಸ್ ಎಸ್ಎಕ್ಸ್ ಬಂತು. ಅದು ಬರೀ ಹೊಸ ಆವೃತ್ತಿ ಅಲ್ಲ, ಬೇರೆಯದೇ ಪ್ರೋಗ್ರಾಂ. ಫೈಲ್ ಸಿಪಿಆರ್ ಆಗಿದ್ದು ಅಲ್ಲಿಂದ. ಎಸ್ಎಕ್ಸ್ 1, 2, 3ರಲ್ಲಿ ಹಳೇ ಹಾಡನ್ನು ಇಂಪೋರ್ಟ್ ಮಾಡುವ ಆಯ್ಕೆ ಇತ್ತು. 2006ರ ಕ್ಯೂಬೇಸ್ 4ರಿಂದ ಅದನ್ನು ಕೈಬಿಟ್ಟರು. ಹಾಗಾಗಿ ನಿಮ್ಮ 13 ನೋಡದೇ ಇರೋದು ಸಹಜ.

ದಾರಿ ಒಂದೇ. ಎಸ್ಎಕ್ಸ್ 3 ಇರುವ ಕಂಪ್ಯೂಟರ್ ಹುಡುಕಿ. ಅದರಲ್ಲಿ ಆಲ್ ಇಂಪೋರ್ಟ್ ಮಾಡಿ, ಸಿಪಿಆರ್ ಅಂತ ಸೇವ್ ಮಾಡಿ. ಆ ಸಿಪಿಆರ್ 13ರಲ್ಲಿ ತೆರೆಯುತ್ತದೆ. ನಡುವೆ ಒಂದು ಮೆಟ್ಟಿಲು ತಪ್ಪಿದೆ ಅಷ್ಟೇ.

ಹಾಸ್ಟೆಲ್_ಹುಡುಗ
ಅದಕ್ಕೇ ಹೇಳೋದು ರೀಪರ್ ಬಳಸಿ ಅಂತ, ಅದೂ ರೆಕಾರ್ಡಿಂಗ್ ಸಾಫ್ಟ್‌ವೇರೇ. ಪ್ರಾಜೆಕ್ಟ್ ಫೈಲ್ ಬರೀ ಟೆಕ್ಸ್ಟ್. ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಯಾವ ವೇವ್ ಎಷ್ಟನೇ ಸೆಕೆಂಡಿಗೆ ಶುರು ಅಂತ ಓದಬಹುದು.

ಬೆಂಗಳೂರಲ್ಲಿರೋ_ದಾವಣಗೆರೆ
ತಮ್ಮಾ, 2001ರಲ್ಲಿ ರೀಪರ್ ಹುಟ್ಟೇ ಇರಲಿಲ್ಲ. ಅವರು ಕಾಲದಲ್ಲಿ ಹಿಂದಕ್ಕೆ ಹೋಗಿ ಬಳಸಬೇಕಾ?

ಹಾಸ್ಟೆಲ್_ಹುಡುಗ
😄 ಸರಿ ಸರಿ. ಮುಂದಿನ ಅಜ್ಜಿಗೆ ಹೇಳಿದೆ.

ಹೊಳಲ್ಕೆರೆ_ರೋಡ್
ಈಗ ಡಿಎಡಬ್ಲ್ಯು ಪ್ರಾಜೆಕ್ಟ್ ಅಂತ ಹೊಸ ಫೈಲ್ ಮಾದರಿ ಬಂದಿದೆಯಲ್ವಾ, ಎಲ್ಲದರಲ್ಲೂ ತೆರೆಯುತ್ತದಂತೆ?

ದುರ್ಗದ_ಕಲ್ಲು
ಎಲ್ಲದರಲ್ಲೂ ಅಲ್ಲ. ಬಿಟ್‌ವಿಗ್, ಸ್ಟುಡಿಯೋ ಒನ್ ಅನ್ನೋ ಸಾಫ್ಟ್‌ವೇರ್‌ಗಳು 2023ರಲ್ಲಿ ಶುರು ಮಾಡಿದವು. ಕ್ಯೂಬೇಸ್ 14ಕ್ಕೂ ಬಂದಿದೆ. ಆದರೆ ಅದು ಇವತ್ತಿನ ಪ್ರಾಜೆಕ್ಟನ್ನು ಇವತ್ತಿನ ಇನ್ನೊಂದು ಸಾಫ್ಟ್‌ವೇರ್‌ಗೆ ಸಾಗಿಸೋಕೆ. ಹಳೇದನ್ನು ಮೊದಲು ಯಾವುದರಲ್ಲಾದರೂ ತೆರೆದ ಮೇಲಲ್ವಾ ಸಾಗಿಸೋದು.

ಎಕ್ಸ್‌ಪಿ50_ಕೀಬೋರ್ಡ್
ಸಾರ್ ಆ ದಪ್ಪ ದನಿ ವಿಷಯ ಯಾರೂ ಹೇಳಲಿಲ್ಲ. ಆಗ ಯಾವ ಸೌಂಡ್ ಕಾರ್ಡ್ ಇತ್ತು ನಿಮ್ಮ ಹತ್ತಿರ?

ಗೋಣಿಚೀಲ_ಸ್ಟುಡಿಯೋ
ಸೌಂಡ್ ಬ್ಲಾಸ್ಟರ್ ಲೈವ್. ಆಗ ಎಲ್ಲರದ್ದೂ ಅದೇ ಅಲ್ವಾ.

ಎಕ್ಸ್‌ಪಿ50_ಕೀಬೋರ್ಡ್
ಅಂದುಕೊಂಡೆ. ಆ ಕಾರ್ಡಿನ ಚಿಪ್ ಒಳಗೆ ಎಲ್ಲವನ್ನೂ 48 ಕಿಲೋಹರ್ಟ್ಸ್‌ನಲ್ಲೇ, ಅಂದರೆ ಸದ್ದನ್ನು ಸೆಕೆಂಡಿಗೆ 48 ಸಾವಿರ ಸಲ ಅಳೆದು, ನಡೆಸುತ್ತಿತ್ತು. ಅದಕ್ಕೆ ನಮ್ಮಂಥವರು ರೆಕಾರ್ಡಿಂಗನ್ನೂ 48ರಲ್ಲೇ ಇಡುತ್ತಿದ್ದೆವು. ನಿಮ್ಮ ಹೊಸ ಪ್ರಾಜೆಕ್ಟ್ 44.1ರಲ್ಲಿ ಇರಬೇಕು. ವೇವ್ ಎಳೆದು ಹಾಕಿದಾಗ 'ಸ್ಯಾಂಪಲ್ ರೇಟ್ ಬದಲಿಸಲಾ' ಅಂತ ಒಂದು ಪೆಟ್ಟಿಗೆ ಬಂದಿತ್ತಾ?

ಗೋಣಿಚೀಲ_ಸ್ಟುಡಿಯೋ
ಬಂದಿತ್ತು. ಹಳೇ ಫೈಲ್ ಹಾಳಾಗಬಾರದು ಅಂತ ಬೇಡ ಅಂದಿದ್ದೆ 🤦

ಎಕ್ಸ್‌ಪಿ50_ಕೀಬೋರ್ಡ್
ಅಲ್ಲೇ ಆಗಿದ್ದು. 48ರ ಫೈಲನ್ನು 44.1ರ ವೇಗದಲ್ಲಿ ಓಡಿಸಿದರೆ ನಿಧಾನವೂ ಆಗುತ್ತದೆ, ಶ್ರುತಿಯೂ ಸುಮಾರು ಒಂದೂವರೆ ಸೆಮಿಟೋನ್ (ಕೀಬೋರ್ಡಿನ ಒಂದೂವರೆ ಮನೆ) ಇಳಿಯುತ್ತದೆ. 5 ನಿಮಿಷದ ಪದ 26 ಸೆಕೆಂಡ್ ಜಾಸ್ತಿ ಓಡುತ್ತದೆ, ಎಂಪಿ3 ಜೊತೆ ಅಳೆದು ನೋಡಿ. ಹೊಸ ಪ್ರಾಜೆಕ್ಟನ್ನೇ 48ಕ್ಕೆ ಇಟ್ಟು ಮತ್ತೆ ಎಳೆದು ಹಾಕಿ. ಡಿಸ್ಕ್ ಸರಿಯಾಗಿದೆ, ಅಜ್ಜಿಯೂ ಸರಿಯಾಗಿದ್ದಾರೆ.

ಗೋಣಿಚೀಲ_ಸ್ಟುಡಿಯೋ
ಹೌದು ಸಾರ್!! ಈಗ ಹಾಕಿ ನೋಡಿದೆ, ಅಜ್ಜಿ ದನಿಯೇ ಬಂತು. ಅಮ್ಮ ಅಡುಗೆ ಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದರು. ಅರ್ಧ ಗಂಟೆ ಒಂದೇ ತುಣುಕನ್ನು ತಿರುಗಿಸಿ ತಿರುಗಿಸಿ ಕೇಳಿದ್ದೇವೆ. ಅನ್ನ ಸೀದಿದೆ.

ಸೋಬಾನೆ_ಸೊಸೆ
ಓದಿ ಕಣ್ಣು ತುಂಬಿ ಬಂತು. ನಮ್ಮ ಅತ್ತೆಯೂ ಹಾಡುತ್ತಾರೆ, ಹರಿಹರದ ಹತ್ತಿರ ಊರು. ಬೀಗರ ಪದ ಶುರು ಮಾಡಿದರೆ ಗಂಡಿನ ಕಡೆಯವರು ಎದ್ದು ಹೋಗಬೇಕು, ಹಂಗೆ ಬಯ್ಯುತ್ತಾರೆ. ನಿಮ್ಮ ಆರರಲ್ಲಿ ಬೀಗರ ಪದ ಇದೆಯಾ?

ಗೋಣಿಚೀಲ_ಸ್ಟುಡಿಯೋ
ಒಂದಿದೆ ಅಕ್ಕ. ಬೀಗರು ಊಟಕ್ಕೆ ಕೂತಿದ್ದನ್ನು ಆಡಿಕೊಳ್ಳುವುದು. ಈ ಮದುವೆಯಲ್ಲಿ ಹಾಕಬಹುದಾ ಅಂತ ಭಾವನನ್ನು ಕೇಳಬೇಕು.

ಮಿರ್ಚಿ_ಮಂಡಕ್ಕಿ
ಕೇಳಬೇಡಿ, ಹಾಕಿ.

ಲೈಸೆನ್ಸ್_ಲಿಂಗಣ್ಣ
ಒಂದು ಕಹಿ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 2001ರಲ್ಲಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ದುಡ್ಡು ಕೊಟ್ಟು ಕ್ಯೂಬೇಸ್ ತಂದಿದ್ದರು? ಎಲ್ಲ ಸಿಡಿಯಲ್ಲಿ ಬಂದ ಕ್ರ್ಯಾಕ್. ಅಪ್‌ಡೇಟ್ ಇಲ್ಲ, ಡಾಂಗಲ್ (ಕಂಪ್ಯೂಟರಿಗೆ ಚುಚ್ಚೋ ಲೈಸೆನ್ಸ್ ಕೀಲಿ) ಇಲ್ಲ. ಅಸಲಿ ತಂದವರು 2003ರಲ್ಲೇ ಎಸ್ಎಕ್ಸ್‌ಗೆ ಏರಿ ಹಳೇದನ್ನೆಲ್ಲ ಸಿಪಿಆರ್ ಮಾಡಿಟ್ಟುಕೊಂಡಿದ್ದಾರೆ.

ಎಕ್ಸ್‌ಪಿ50_ಕೀಬೋರ್ಡ್
ಲಿಂಗಣ್ಣ, ಆಗ ಒಂದು ಭಜನೆ ಹಾಡು ರೆಕಾರ್ಡ್ ಮಾಡಿದರೆ ನನಗೆ ಸಿಗುತ್ತಿದ್ದದ್ದು 500 ರೂಪಾಯಿ, ಅದರಲ್ಲೂ 200 ಉದ್ರಿ. ತಪ್ಪು ತಪ್ಪೇ, ಒಪ್ಪುತ್ತೇನೆ. ಆದರೆ ಅಸಲಿ ತಂದವರೆಲ್ಲ ಹಳೇದನ್ನು ಜೋಪಾನ ಮಾಡಿದ್ದಾರೆ ಅನ್ನೋದು ಸುಳ್ಳು. ನನ್ನ ಗೆಳೆಯನೊಬ್ಬ ದುಡ್ಡು ಕೊಟ್ಟೇ ತಂದಿದ್ದ. ಡಾಂಗಲ್ ಎಲ್ಲಿ ಅಂದರೆ ಇವತ್ತಿಗೂ ಹುಡುಕುತ್ತಿದ್ದಾನೆ.

ಬೆಂಗಳೂರಲ್ಲಿರೋ_ದಾವಣಗೆರೆ
ಡಾಂಗಲ್ ಮಾತು ಬಂತಲ್ಲ, ಒಂದು ಗಮನಿಸಿ. ಕ್ಯೂಬೇಸ್ ಮಾಡೋ ಸ್ಟೈನ್‌ಬರ್ಗ್‌ನವರ ಹಳೇ ಯುಎಸ್‌ಬಿ ಡಾಂಗಲ್‌ನ ಸರ್ವರ್ 2025ರ ಮೇ 20ಕ್ಕೆ ನಿಂತಿದೆ. ಡಾಂಗಲ್ ಕೈಯಲ್ಲಿದ್ದರೆ ಅದರೊಳಗಿನ ಲೈಸೆನ್ಸ್ ನಡೆಯುತ್ತದೆ. ಕಳೆದರೆ, ಮುರಿದರೆ ಕಷ್ಟ. ಹತ್ತಿಯಲ್ಲಿ ಸುತ್ತಿಡಿ. ದಾವಣಗೆರೆಯಲ್ಲಿ ಹತ್ತಿಗೇನು ಬರ?

ಲೈಸೆನ್ಸ್_ಲಿಂಗಣ್ಣ
ಗಿರಣಿಗಳು ಮುಚ್ಚಿ ಎಷ್ಟೋ ವರ್ಷ ಆಯಿತು ಸ್ವಾಮಿ, ಬೆಂಗಳೂರಿಗೆ ಹೋದವರಿಗೆ ಗೊತ್ತಿಲ್ಲ.

ಚಳ್ಳಕೆರೆ_ಚೆಂಡೆ
ವಿಷಯ ಬಿಟ್ಟು ಹೋಗಬೇಡ್ರಪ್ಪ. ನನ್ನದೂ ಒಂದು ಗೋಳು. ನಾಯಕನಹಟ್ಟಿ ಜಾತ್ರೆಗೆ ಅಂತ ಮಾಡಿದ್ದ ಭಕ್ತಿಗೀತೆಗಳು ಕೇಕ್‌ವಾಕ್ ಪ್ರೊ ಆಡಿಯೋ 9 ಅನ್ನೋ ಹಳೇ ಸಾಫ್ಟ್‌ವೇರ್‌ನಲ್ಲಿವೆ. ಡಬ್ಲ್ಯುಆರ್‌ಕೆ ಫೈಲು. ಇದಕ್ಕೆ ಏನಾದರೂ?

ದುರ್ಗದ_ಕಲ್ಲು
ನೀವು ಇವರಿಗಿಂತ ಅದೃಷ್ಟವಂತರು. ಕೇಕ್‌ವಾಕ್ ಆಮೇಲೆ ಸೋನಾರ್ ಆಯಿತು. 2017ರಲ್ಲಿ ನಿಂತೇ ಹೋಯಿತು ಅಂದುಕೊಂಡೆವು, 2018ರಲ್ಲಿ ಬ್ಯಾಂಡ್‌ಲ್ಯಾಬ್‌ನವರು ತೆಗೆದುಕೊಂಡು ಪುಕ್ಕಟೆ ಬಿಟ್ಟರು. ಆ ಸಾಲಿನ ಸಾಫ್ಟ್‌ವೇರ್ ಹಳೇ ಡಬ್ಲ್ಯುಆರ್‌ಕೆಯನ್ನೂ ತೆರೆಯುತ್ತದೆ. ಬಿಯುಎನ್ ಅಂತ ಫೈಲ್ ಇದ್ದರೆ ಇನ್ನೂ ಒಳ್ಳೇದು, ಅದರಲ್ಲಿ ಹಾಡೂ ಇರುತ್ತದೆ, ಆಡಿಯೋನೂ ಒಟ್ಟಿಗೇ ಇರುತ್ತದೆ. ಬರೀ ಡಬ್ಲ್ಯುಆರ್‌ಕೆ ಇದ್ದು ಆಡಿಯೋ ಫೋಲ್ಡರ್ ಇಲ್ಲದಿದ್ದರೆ ಮಿಡಿ ಮಾತ್ರ ಸಿಗುತ್ತದೆ.

ಚಳ್ಳಕೆರೆ_ಚೆಂಡೆ
ಮಿಡಿ ಮಾತ್ರ ಇದ್ದಂಗಿದೆ. ಆಡಿಯೋ ಇದ್ದ ಸಿಡಿಗೆ ಬೂಷ್ಟು ಬಂದು ಅಂಚೆಲ್ಲ ಬೆಳ್ಳಗಾಗಿದೆ.

ಎಕ್ಸ್‌ಪಿ50_ಕೀಬೋರ್ಡ್
ಮಿಡಿ ಅಂದರೆ ಯಾವ ಮನೆ ಯಾವಾಗ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು ಅನ್ನೋದಷ್ಟೇ. ಸದ್ದು ಅದರೊಳಗಿಲ್ಲ. ಸದ್ದು ಇದ್ದದ್ದು ಕೀಬೋರ್ಡಿನಲ್ಲಿ. ನಾನು ಆರ್ಕೆಸ್ಟ್ರಾ ಬಿಟ್ಟಾಗ ರೋಲ್ಯಾಂಡ್ ಎಕ್ಸ್‌ಪಿ 50 ಮಾರಿಬಿಟ್ಟೆ. ಒಂದು ದಿನ ಹಳೇ ಮಿಡಿ ಫೈಲ್ ತೆರೆದೆ, ಎಲ್ಲ ನೋಟೂ ಸರಿಯಾಗಿ ಇದೆ. ಪ್ಲೇ ಒತ್ತಿದರೆ ಶಹನಾಯಿ ಬರಬೇಕಾದ ಕಡೆ ಕ್ಸೈಲೋಫೋನ್ ತರ ಟಿಂಗ್ ಟಿಂಗ್ ಅಂತು. ಹೆಸರಷ್ಟೇ ಎಕ್ಸ್‌ಪಿ50 ಉಳಿದಿದೆ ನನಗೆ.

ಬೆಂಗಳೂರಲ್ಲಿರೋ_ದಾವಣಗೆರೆ
ಪ್ರೊ ಟೂಲ್ಸ್ ಅನ್ನೋ ಸಾಫ್ಟ್‌ವೇರಿನವರ ಕಥೆಯೂ ಇದೇ. ಫೈಲ್ ಮೊದಲು ಪಿಟಿಎಸ್, ಪಿಟಿಎಫ್, ಆಮೇಲೆ 10ರಿಂದ ಪಿಟಿಎಕ್ಸ್. ಸೆಷನ್ ಏನೋ ತೆರೆಯುತ್ತದೆ. ಆದರೆ 2013ರಲ್ಲಿ 11 ಬಂದಾಗ ಹಳೇ ಆರ್‌ಟಿಎಎಸ್ ಮಾದರಿಯ ಪ್ಲಗಿನ್ (ಎಫೆಕ್ಟ್, ವಾದ್ಯ ಸೇರಿಸೋ ಚಿಕ್ಕ ಪ್ರೋಗ್ರಾಂ) ಪೂರಾ ಹೋದವು. ಕ್ಯೂಬೇಸ್‌ನಲ್ಲೂ 2016ರ 9ರಿಂದ 32 ಬಿಟ್ ಪ್ಲಗಿನ್ ನಡೆಯುವುದಿಲ್ಲ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ಬಂದ ಮೇಲೆ 32 ಬಿಟ್ ಅನ್ನೋದೇ ಇಲ್ಲ. ನಾನು ಈಗ ಕೆಲಸ ಮುಗಿದ ದಿನವೇ ಎಲ್ಲ ಟ್ರ್ಯಾಕ್ ಶುರುವಿನಿಂದ ಕೊನೆವರೆಗೆ ಒಂದೇ ಉದ್ದದ ವೇವ್ ಮಾಡಿಡುತ್ತೇನೆ, ಎಫೆಕ್ಟ್ ಸಹಿತ ಒಂದು, ಎಫೆಕ್ಟ್ ಇಲ್ಲದೆ ಒಂದು. ಎಲ್ಲವೂ ಸೊನ್ನೆಯಿಂದ ಶುರುವಾದರೆ ಯಾವ ಸಾಫ್ಟ್‌ವೇರಿಗೆ ಎಳೆದು ಹಾಕಿದರೂ ತಾನಾಗೇ ಕೂರುತ್ತದೆ.

ಹಾಸ್ಟೆಲ್_ಹುಡುಗ
ಜಾಗ ಎಷ್ಟು ತಿನ್ನುತ್ತದೆ ಸಾರ್?

ಬೆಂಗಳೂರಲ್ಲಿರೋ_ದಾವಣಗೆರೆ
48 ಕಿಲೋಹರ್ಟ್ಸ್, 24 ಬಿಟ್, ಮೋನೋ ಆದರೆ ನಿಮಿಷಕ್ಕೆ ಸುಮಾರು 8.6 ಎಂಬಿ. ಹತ್ತು ಟ್ರ್ಯಾಕ್, 5 ನಿಮಿಷದ ಹಾಡು ಅಂದರೆ 430 ಎಂಬಿ ಹತ್ತಿರ. ಮದುವೆ ವಿಡಿಯೋ ಇದಕ್ಕಿಂತ ಜಾಸ್ತಿ ತಿನ್ನುತ್ತದೆ.

ಹೊಳಲ್ಕೆರೆ_ರೋಡ್
ನಂದು ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್. ಎಯುಪಿ ಫೈಲ್ ಮಾತ್ರ ಪೆನ್ ಡ್ರೈವ್‌ಗೆ ಹಾಕಿಕೊಂಡು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದ್ದೆ. ತೆರೆದರೆ ಬರೀ ಮೌನ. ಆಮೇಲೆ ಗೊತ್ತಾಯಿತು, ಹಾಡು ಇದ್ದದ್ದು ಪಕ್ಕದ ಡೇಟಾ ಫೋಲ್ಡರಿನಲ್ಲಿ. ಎಯುಪಿ ಬರೀ ಪಟ್ಟಿ ಅಂತೆ. ಕಿರಾಣಿ ಚೀಟಿ ತಂದು ಸಾಮಾನು ಅಂಗಡೀಲೇ ಬಿಟ್ಟು ಬಂದಂಗಾಯಿತು.

ದುರ್ಗದ_ಕಲ್ಲು
ಅದಕ್ಕೇ 2021ರಲ್ಲಿ ಆಡಾಸಿಟಿ 3 ಬಂದಾಗ ಎಯುಪಿ3 ಅಂತ ಎಲ್ಲ ಒಂದೇ ಫೈಲಿಗೆ ಸೇರಿಸಿದರು. ನಿಮಗೆ ತಡವಾಯಿತು, ಅಷ್ಟೇ.

ಹರಿಹರ_ಸೇತುವೆ
ಈಗಷ್ಟೇ ಓದಿದೆ. ನನ್ನ ಹತ್ತಿರ ಇದೆ ಕಣ್ರೀ ಎಸ್ಎಕ್ಸ್ 3. ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್, ಡಾಂಗಲ್ ಸಮೇತ, ಅಸಲಿ. ಇಂಟರ್ನೆಟ್ ಇಲ್ಲ, ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಕುಂಕುಮ ಹಚ್ಚಿ ಆನ್ ಮಾಡುತ್ತೇನೆ. ಮಾನಿಟರ್ ಹಳೇ ಡಬ್ಬಾದು, ಬಿಸಿ ಆಗೋಕೆ ಐದು ನಿಮಿಷ ಬೇಕು. ಫೋಲ್ಡರ್ ಪೂರ್ತಿ ಪೆನ್ ಡ್ರೈವ್‌ಗೆ ಹಾಕಿಕೊಂಡು ಬನ್ನಿ, ದಾವಣಗೆರೆಯಿಂದ ಏನು ಮಹಾ ದೂರ.

ಗೋಣಿಚೀಲ_ಸ್ಟುಡಿಯೋ
ಸಾರ್ ನಿಮ್ಮ ಕಾಲಿಗೆ ಬೀಳುತ್ತೇನೆ. ಭಾನುವಾರ ಬರಲಾ?

ಹರಿಹರ_ಸೇತುವೆ
ಬನ್ನಿ. ಬರುವಾಗ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬನ್ನಿ.

ಮಿರ್ಚಿ_ಮಂಡಕ್ಕಿ
ಕಟ್ಟಿಸಿಕೊಂಡು ಹೋದ ಬೆಣ್ಣೆ ದೋಸೆ ದೋಸೆನೇ ಅಲ್ಲ. ಕಾವಲಿಯಿಂದ ತಟ್ಟೆಗೆ ಬರೋವಷ್ಟರಲ್ಲಿ ಅರ್ಧ ರುಚಿ ಹೋಗಿರುತ್ತದೆ, ಇನ್ನು ಹರಿಹರಕ್ಕೆ! ಅವರನ್ನೇ ಇಲ್ಲಿಗೆ ಕರೆದುಕೊಂಡು ಬಂದು ತಿನ್ನಿಸಿ.

ದುರ್ಗದ_ಕಲ್ಲು
ದೋಸೆ ಜಗಳ ಆಮೇಲೆ. ಒಂದು ಕಿವಿಮಾತು: ಆ ಹಾಡಿನ ಫೈಲ್ ಆಡಿಯೋವನ್ನು ಹಳೇ ಜಾಗದಲ್ಲೇ ಹುಡುಕುತ್ತದೆ. ಆಗ ಡಿ ಡ್ರೈವ್‌ನಲ್ಲಿ ಇದ್ದರೆ ಈಗಲೂ ಡಿ ಅನ್ನೇ ಕೇಳುತ್ತದೆ. ಪೆನ್ ಡ್ರೈವ್‌ಗೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದೇ ಅಕ್ಷರ ಕೊಟ್ಟು, ಫೋಲ್ಡರ್ ಹೆಸರೂ ಹಳೇದೇ ಇಟ್ಟರೆ ಅರ್ಧ ತಲೆನೋವು ಕಡಿಮೆ. ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಡಿ ಬೇರೆಯದಕ್ಕೆ ಹೋಗಿದ್ದರೆ ಅದರ ಅಕ್ಷರ ಮೊದಲು ಬದಲಿಸಿ. ಮಿಕ್ಸರ್ ಸೆಟ್ಟಿಂಗ್ ಎಲ್ಲ ಇದ್ದ ಹಾಗೇ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ, ತುಣುಕುಗಳು ಸರಿಯಾದ ಜಾಗಕ್ಕೆ ಕೂತರೆ ಸಾಕು.

ಬೆಂಗಳೂರಲ್ಲಿರೋ_ದಾವಣಗೆರೆ
ಸಿಪಿಆರ್ ಸೇವ್ ಮಾಡೋದರ ಜೊತೆ ಅಲ್ಲೇ ವೇವ್‌ಗಳನ್ನೂ ತೆಗೆದುಬಿಡಿ. ಎಸ್ಎಕ್ಸ್ 3ರಲ್ಲಿ ಎಲ್ಲ ಟ್ರ್ಯಾಕ್ ಒಟ್ಟಿಗೆ ಹೊರಗೆ ತೆಗೆಯೋ ಸೌಲಭ್ಯ ಇಲ್ಲ, ಅದು 2009ರ ಕ್ಯೂಬೇಸ್ 5ಕ್ಕೆ ಬಂದಿದ್ದು. ಒಂದೊಂದೇ ಸೋಲೋ ಮಾಡಿ (ಉಳಿದದ್ದು ಸುಮ್ಮನಾಗಿಸಿ) ತೆಗೆಯಬೇಕು. ಇಡೀ ಭಾನುವಾರ ಇಟ್ಟುಕೊಳ್ಳಿ.

ಗೋಣಿಚೀಲ_ಸ್ಟುಡಿಯೋ
(ಭಾನುವಾರ ರಾತ್ರಿ) ಈಗ ಬಂದೆ. ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಆರರಲ್ಲಿ ನಾಲ್ಕು ಪೂರ್ತಿ ಬಂದವು. ಹರಿಹರದ ಸಾರ್ ಇಂಪೋರ್ಟ್ ಒತ್ತಿದರು, ಆ ಡಬ್ಬಾ ಮಾನಿಟರಿನಲ್ಲಿ ಒಂದೊಂದೇ ಪಟ್ಟಿ ಬಂದು ಕೂತಿತು. ಅಜ್ಜಿ, ಢೋಲಕ್, ತಾಳ, ತಂಗಿಯ ಕೋರಸ್. ನನ್ನ ಸ್ಟ್ರಿಂಗ್ಸ್ ಬೇರೆ ಟ್ರ್ಯಾಕ್. ಅದನ್ನು ಮ್ಯೂಟ್ ಮಾಡಿದಾಗ ಸಾರ್ 'ಅಬ್ಬಾ' ಅಂದರು, ನನಗೆ ಬೇಜಾರಾಗಲಿಲ್ಲ.

ಐದನೆಯದು ಇಂಪೋರ್ಟ್ ಆಯಿತು, ಆದರೆ ಆಡಿಯೋ ಇಲ್ಲ. ಆ ದಿನ ಡಿ ಡ್ರೈವ್ ತುಂಬಿತ್ತು ಅಂತ ಕಾಣುತ್ತದೆ, ಇ ಡ್ರೈವ್‌ಗೆ ರೆಕಾರ್ಡ್ ಮಾಡಿದ್ದೇನೆ. ಇ ಇದ್ದದ್ದು ಬೇರೆ ಡಿಸ್ಕ್. ಅದನ್ನು ಯಾವಾಗಲೋ ರಿಪೇರಿಯವರು ಒರೆಸಿ ವಿಂಡೋಸ್ ಹಾಕಿಕೊಟ್ಟರು, ಕೇಳಲೂ ಇಲ್ಲ, ನಾನೂ ಹೇಳಲಿಲ್ಲ.

ಆರನೆಯ ಆಲ್ ಫೈಲೇ ತೆರೆಯಲಿಲ್ಲ, ಕೆಟ್ಟಿದೆ. ಆದರೆ ಅದರ ವೇವ್‌ಗಳು ಇದ್ದವು. ಎಲ್ಲಿ ಕೂರಿಸೋದು ಅಂತ ತಲೆ ಕೆರೆದುಕೊಳ್ಳುತ್ತಿದ್ದೆವು. ಆಗ ನೆನಪಾಯಿತು, ಅಜ್ಜಿ ಹೆಡ್‌ಫೋನ್ ಎರಡೂ ಕಿವಿಗೆ ಹಾಕಿಕೊಳ್ಳಲು ಒಪ್ಪಿರಲಿಲ್ಲ. 'ಕಿವಿ ಮುಚ್ಚಿಕೊಂಡು ಯಾರಾದ್ರೂ ಹಾಡ್ತಾರಾ' ಅಂತ ಬೈದು ಒಂದು ಕಿವಿ ಹೊರಗೇ ಬಿಟ್ಟಿದ್ದರು. ಆ ಹೊರಗಿನ ತಟ್ಟೆಯಿಂದ ಢೋಲಕ್ ಸದ್ದು ಸಣ್ಣಗೆ ಅವರ ಮೈಕ್‌ಗೆ ಸೋರಿತ್ತು. ಆಗ ಅದಕ್ಕೇ ನಾನು ರೇಗಿದ್ದೆ, ಟೇಕ್ ಹಾಳಾಯಿತು ಅಂತ. ಈಗ ಸೋರಿದ ಆ ಪೆಟ್ಟನ್ನು ಢೋಲಕ್ ಟ್ರ್ಯಾಕಿನ ಪೆಟ್ಟಿಗೆ ಸರಿ ಹೊಂದಿಸಿ ಇಡೀ ಪದ ಕೂರಿಸಿದೆವು. ದೊಡ್ಡದು ಮಾಡಿಕೊಂಡು ನೋಡಿದರೆ ಗೆರೆಗೆ ಗೆರೆ ಕೂತಿದೆ. ಹಾಗಾಗಿ ಒಟ್ಟು ಐದು.

ಇನ್ನೊಂದು ಸಿಕ್ಕಿತು. ಯಾವ ಹಾಡಿಗೂ ಸೇರದ ಒಂದು ವೇವ್, 40 ಸೆಕೆಂಡಿನದು. ಮೈಕ್ ಆನ್ ಇದ್ದದ್ದು ಯಾರಿಗೂ ಗೊತ್ತಿಲ್ಲ. ಅಜ್ಜಿ, 'ಇಷ್ಟೊತ್ತು ಹಾಡ್ಸಿದಿ, ಒಂದು ಲೋಟ ಚಾ ಇಲ್ಲೇನೋ ನಿಮ್ಮನೇಲಿ' ಅಂತಾರೆ. ಹಿಂದೆ ಅಪ್ಪ ನಗೋದು ಕೇಳುತ್ತದೆ. ಅಪ್ಪನೂ ಈಗ ಇಲ್ಲ.

ಸೋಬಾನೆ_ಸೊಸೆ
ಆ 40 ಸೆಕೆಂಡನ್ನು ನಾಲ್ಕು ಕಡೆ ಇಟ್ಟುಕೊಳ್ಳಿ ತಮ್ಮಾ.

ಗೋಣಿಚೀಲ_ಸ್ಟುಡಿಯೋ
ಇಟ್ಟಿದ್ದೇನೆ ಅಕ್ಕ. ಅಮ್ಮನ ಫೋನಿನಲ್ಲಿ ರಿಂಗ್‌ಟೋನ್ ಕೂಡ ಅದೇ ಆಗಿದೆ.

ಎಕ್ಸ್‌ಪಿ50_ಕೀಬೋರ್ಡ್
ಢೋಲಕ್ ಯಾರು ಬಾರಿಸಿದ್ದು?

ಗೋಣಿಚೀಲ_ಸ್ಟುಡಿಯೋ
ಹೆಸರು ನೆನಪಿಲ್ಲ ಸಾರ್. ಭಜನೆ ಮಂಡಳಿಯವರ ಜೊತೆ ಬಂದಿದ್ದ ಒಬ್ಬ ಹುಡುಗ, 50 ರೂಪಾಯಿ ಕೊಟ್ಟಿದ್ದೆ. ಈಗ ಕೇಳಿದರೆ ಎಷ್ಟು ಚೆನ್ನಾಗಿ ಬಾರಿಸಿದ್ದಾನೆ ಅನಿಸುತ್ತದೆ. ಫೈಲಿನಲ್ಲಿ 'ಢೋಲಕ್ 1' ಅಂತಷ್ಟೇ ಇದೆ.

ಲೈಸೆನ್ಸ್_ಲಿಂಗಣ್ಣ
ಅಸಲಿ ಡಾಂಗಲ್ ಇದ್ದಿದ್ದಕ್ಕೆ ಅಲ್ವಾ ಕೆಲಸ ಆಗಿದ್ದು? ಸುಮ್ನೆ ಹೇಳಿದೆ.

ಹರಿಹರ_ಸೇತುವೆ
ಹೌದು ಲಿಂಗಣ್ಣ, ಗೆದ್ದಿರಿ. ದೋಸೆ ಮಾತ್ರ ಚರ್ಮದಂಗೆ ಆಗಿತ್ತು, ಮಿರ್ಚಿಯವರು ಹೇಳಿದ್ದೇ ಸರಿ.

ಮಿರ್ಚಿ_ಮಂಡಕ್ಕಿ
ನೋಡಿ!! ಫ್ರೀಜರ್ ವಿಷಯಕ್ಕೆ ಬೈದಿರಿ, ದೋಸೆ ವಿಷಯಕ್ಕೆ ಒಪ್ಪಿದಿರಿ. ಅರಿಶಿನಕ್ಕೆ ಬೀಗರ ಪದ ಹಾಕುತ್ತಿದ್ದೀರಾ ಇಲ್ವಾ, ಅದು ಹೇಳಿ ಮೊದಲು.

ಗೋಣಿಚೀಲ_ಸ್ಟುಡಿಯೋ
ಅಕ್ಕನ ಮಗಳು ಡಿಜೆಗೆ ಅಡ್ವಾನ್ಸ್ ಕೊಟ್ಟಾಗಿದೆಯಂತೆ. ಡಿಜೆ ಹುಡುಗ ಫೋನ್ ಮಾಡಿ ಕೇಳಿದ, 'ಅಂಕಲ್, ಅಜ್ಜಿ ಸಾಂಗ್ ಎಷ್ಟು ಬಿಪಿಎಂ?' ಅಂತ, ಅಂದರೆ ನಿಮಿಷಕ್ಕೆ ಎಷ್ಟು ತಾಳ ಅಂತ. ಬಳೆ ಸದ್ದು ಎಣಿಸಿ ಹೇಳುತ್ತೇನೆ ಅಂದಿದ್ದೇನೆ.